ಹವಾಮಾನ ಪರೀಕ್ಷೆ, ಇಬ್ಬರು

ಅಕ್ಟೋಬರ್ 6, ಸೋಮವಾರ

ನಿವೃತ್ತಿಯಾಗಿ ಐದು ವರ್ಷದ ಮೇಲೆ ಮತ್ತೆ ಅದೇ ಗೇಟು, ಅದೇ ಮೆಟ್ಟಿಲು, ಒಂದು ಕಾಲು ಗಿಡ್ಡವಾದ ಅದೇ ಕುರ್ಚಿ. ನವೆಂಬರ್ ಕೊನೆಗೆ ನಮ್ಮ ಸ್ಕ್ವಾಡ್ರನ್ನನ್ನು ಮುಚ್ಚುತ್ತಾರಂತೆ. ಹೆಲಿಕಾಪ್ಟರುಗಳು ಒಂದು ಕಡೆಗೆ, ಜನ ಇನ್ನೊಂದು ಕಡೆಗೆ. ಅಷ್ಟರೊಳಗೆ ಅದರ ಚರಿತ್ರೆ ಬರೆದು ಪುಸ್ತಕ ಮಾಡಬೇಕು. ಹಾರಿದವರಿಗೆ ಬರೆಯಲು ಪುರಸೊತ್ತಿಲ್ಲ, ಬರೆಯಬಲ್ಲವರಿಗೆ ವಿಷಯ ಗೊತ್ತಿಲ್ಲ. ಕೊನೆಗೆ ಮೂವತ್ತಾರು ವರ್ಷ ಇಲ್ಲೇ ಗುಮಾಸ್ತನಾಗಿದ್ದ ನನ್ನನ್ನು ಮನೆಯಿಂದ ಎಬ್ಬಿಸಿ ತಂದಿದ್ದಾರೆ.

"ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ ಪೆನ್ನಪ್ಪನವರೇ," ಎಂದರು ಈಗಿನ ಕಮಾಂಡರ್ ಮೇಡಂ. ಪೆನ್ನಪ್ಪ ನನ್ನ ಹೆಸರಲ್ಲ, ಹಳೆಯ ಪೈಲಟ್‌ಗಳು ತಮಾಷೆಗೆ ಇಟ್ಟದ್ದು. ಮೇಡಂ ಶಾಲೆಗೆ ಸೇರುವ ಹೊತ್ತಿಗೇ ಆ ಹೆಸರು ಹಳತಾಗಿತ್ತು. ಆದರೂ ಅವರ ಕಿವಿಗೆ ತಲುಪಿದೆ.

ಕಚೇರಿಯಲ್ಲಿ ಬರೆದ ಒಂದು ಚೀಟಿಯನ್ನೂ ಮನೆಗೆ ತರುವ ಹಾಗಿಲ್ಲ. ಅದಕ್ಕೇ ಈ ನೋಟ್‌ಬುಕ್ಕು. ದಿನ ಹೇಗೆ ಹೋಯಿತೆಂದಷ್ಟೇ ಇದರಲ್ಲಿ ಬರೆಯುತ್ತೇನೆ. ಗುಟ್ಟಿನ ವಿಷಯ ಒಂದಕ್ಷರವೂ ಇಲ್ಲ.

ಸಂಜೆ ಅಕ್ಕ ಚಹಾ ಕೊಡುತ್ತಾ ನಿಂತೇ ಕೇಳಿದಳು. "ಪುಸ್ತಕದಲ್ಲಿ ಅವರ ಹೆಸರು ಹಾಕ್ತೀಯೇನೋ?"

ಅವರು ಎಂದರೆ ಭಾವ. ನಮ್ಮ ಸ್ಕ್ವಾಡ್ರನ್ನಿನಲ್ಲೇ ಇದ್ದರು. ಹೆಲಿಕಾಪ್ಟರಿನ ಬಾಗಿಲಲ್ಲಿ ಕೂತು, ಕೆಳಗಿರುವವರಿಗೆ ಹಗ್ಗ ಇಳಿಸಿ ಮೇಲಕ್ಕೆಳೆದುಕೊಳ್ಳುವ ಕೆಲಸ. ಅಂಥವರನ್ನು ಬಾಗಿಲಿನವರು ಎನ್ನುತ್ತಿದ್ದೆವು. ಮೂವತ್ತೊಂಬತ್ತು ವರ್ಷದ ಹಿಂದೆ ಒಂದು ಸಂಜೆ ಹೋದ ಹೆಲಿಕಾಪ್ಟರ್ ತಿರುಗಿ ಬರಲಿಲ್ಲ. ಅದರಲ್ಲಿದ್ದ ಇಬ್ಬರು ಪೈಲಟ್‌ಗಳ ಹೆಸರು ಗೇಟಿನ ಪಕ್ಕದ ಕಲ್ಲಿನ ಮೇಲಿದೆ. ಭಾವನ ಹೆಸರು ಇಲ್ಲ. ಅನುಮತಿಯಿಲ್ಲದೆ ಹತ್ತಿ ಹೋದವರು ಎಂದು ಅಕ್ಕನಿಗೆ ಕಾಗದ ಬಂದಿತ್ತು.

"ನೋಡೋಣ ಅಕ್ಕಾ," ಎಂದೆ.

"ಮೂವತ್ತೊಂಬತ್ತು ವರ್ಷದಿಂದ ನೋಡ್ತಾನೇ ಇದ್ದೀಯ," ಎಂದಳು. ಚಹಾಗೆ ಸಕ್ಕರೆ ಹಾಕಿರಲಿಲ್ಲ.

ಅಕ್ಟೋಬರ್ 9, ಗುರುವಾರ

ಮೊದಲ ಅಧ್ಯಾಯ ಮುಗಿಯಿತು. ಸ್ಕ್ವಾಡ್ರನ್ ಹುಟ್ಟಿದ್ದು ಮೂರು ಹಳೆಯ ಯಂತ್ರಗಳಿಂದ. ಅವುಗಳಲ್ಲಿ ಒಂದು ಬಿಡಿಭಾಗಗಳಿಗೆಂದೇ ನಿಂತಿತ್ತು. ಲಾಂಛನಕ್ಕೆ ಬಾವಲಿ. ಕತ್ತಲಲ್ಲಿ ದೀಪವಿಲ್ಲದೆ, ಮರದ ತುದಿ ಸವರಿಕೊಂಡು ಹಾರುವವರು ಎಂಬ ಅರ್ಥದಲ್ಲಿ ಇಟ್ಟದ್ದಂತೆ. ಊಟದ ಸಾಲಿನಲ್ಲಿ ಬೇರೆ ಸ್ಕ್ವಾಡ್ರನ್ನಿನವರು "ತಲೆಕೆಳಗಾಗಿ ನೇತಾಡೋರು ಬಂದ್ರು" ಎಂದು ಕಿಚಾಯಿಸುತ್ತಿದ್ದುದನ್ನೂ ಬರೆದೆ. ಮೇಡಂ ನಕ್ಕು, ಆಮೇಲೆ ಅದನ್ನು ಹೊಡೆದುಹಾಕಿದರು.

ಎರಡನೇ ಅಧ್ಯಾಯವೇ ಕಷ್ಟ. ಈ ಸ್ಕ್ವಾಡ್ರನ್ ಏನು ಮಾಡಿತು ಎಂದು ಬರೆಯಬೇಕು. ಮಾಡಿದ್ದನ್ನು ಹೇಳುವ ಹಾಗಿಲ್ಲ, ಹೇಳಬಹುದಾದದ್ದನ್ನು ನಾವು ಮಾಡಲಿಲ್ಲ. ಹಾರಾಟದ ರಿಜಿಸ್ಟರುಗಳು ನಲವತ್ತೊಂದಿವೆ. ಅವುಗಳಲ್ಲಿ ಎಲ್ಲಿ ನೋಡಿದರೂ ಹವಾಮಾನ ಪರೀಕ್ಷೆ, ಹವಾಮಾನ ಪರೀಕ್ಷೆ. ಓದಿದವರಿಗೆ ನಾವು ಜೀವಮಾನವಿಡೀ ಮೋಡ ಎಣಿಸುತ್ತಿದ್ದೆವು ಅನ್ನಿಸಬೇಕು.

ಕ್ವಾರ್ಟರ್ಸಿನ ಹೆಂಗಸರಿಗೆ ಇದು ಗೊತ್ತಿತ್ತು. ನಲ್ಲಿಯ ಹತ್ತಿರ "ನಿಮ್ಮನೇಲಿ ಹವಾಮಾನ ಹೇಗಿದೆ?" ಎಂದು ಕೇಳುತ್ತಿದ್ದರು. ಗಂಡ ಮನೆಗೆ ಬಂದನೇ ಎಂದು ಅರ್ಥ. ಇದನ್ನು ಬರೆಯಬಹುದೋ ಇಲ್ಲವೋ ತಿಳಿಯಲಿಲ್ಲ. ಬಿಟ್ಟೆ.

ಅಕ್ಟೋಬರ್ 14, ಮಂಗಳವಾರ

ಅಕ್ಕ ಇವತ್ತು ಆ ಹಳೆಯ ಕಾಗದವನ್ನು ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿದೆ. ನಾನು ಅದನ್ನು ಓದಬೇಕಾಗಿಲ್ಲ, ಟೈಪು ಮಾಡಿದವನೇ ನಾನು.

"ಅವತ್ತು ಬೆಳಿಗ್ಗೆ ಕಿವಿ ಹಿಡ್ಕೊಂಡು ಎದ್ದಿದ್ರು," ಎಂದಳು. ನೂರು ಸಲ ಕೇಳಿದ್ದೇನೆ. ಆದರೂ ಕೇಳಿದೆ. "ಮೂರು ದಿನ ಹಾರಬೇಡ ಅಂತ ಡಾಕ್ಟರು ಚೀಟಿ ಕೊಟ್ಟಿದ್ರು. ಹೋಗಲ್ಲ ಅಂತ ನನಗೆ ಮಾತು ಕೊಟ್ಟರು. ಸಂಬಳದ ಸಹಿ ಒಂದಿದೆ, ಹಾಕಿ ಬರ್ತೀನಿ ಅಂತ ಹೋದವರು ಮೋಜಿಗೆ ಅಂತ ಗಾಳಿ ಸವಾರಿಗೆ ಹತ್ತಿಬಿಟ್ರು. ಹಾಗಂತ ಇದರಲ್ಲಿದೆ. ನಿಜವೇನೋ? ನೀನು ಅಲ್ಲೇ ಇದ್ಯಲ್ಲ."

"ನಾನು ಗುಮಾಸ್ತ ಅಕ್ಕಾ. ನನಗೇನು ಗೊತ್ತಾಗುತ್ತೆ."

"ಅವರಾಗೇ ಹೋದ್ರೋ, ಯಾರಾದರೂ ಕಳಿಸಿದ್ರೋ? ಅಷ್ಟು ಗೊತ್ತಾದ್ರೆ ಸಾಕು ನನಗೆ. ಪುಸ್ತಕದಲ್ಲಿ ಕರ್ತವ್ಯದ ಮೇಲೆ ಅಂತ ಒಂದು ಮಾತು ಬರಲಿ. ಇನ್ನೇನೂ ಕೇಳಲ್ಲ."

ಪುಸ್ತಕದ ಮೊದಲ ಪುಟದಲ್ಲಿ ಕರ್ತವ್ಯದಲ್ಲಿ ಮಡಿದವರ ಪಟ್ಟಿ ಬರುತ್ತದೆ. ಅದಾದ ಮೇಲೆ ರಿಜಿಸ್ಟರುಗಳನ್ನೆಲ್ಲ ಮೊಹರು ಹಾಕಿ ಎಲ್ಲಿಗೋ ಒಯ್ಯುತ್ತಾರೆ. ಈಗ ಸೇರದ ಹೆಸರು ಇನ್ನು ಸೇರುವುದಿಲ್ಲ. ಇದನ್ನು ಅಕ್ಕನಿಗೆ ಹೇಳಲು ಹೋಗಲಿಲ್ಲ. ಅವಳಿಗೆ ಗೊತ್ತೇ ಇದೆ.

ಅಕ್ಟೋಬರ್ 15, ಬುಧವಾರ

ಆ ವರ್ಷದ ರಿಜಿಸ್ಟರ್ ಸಿಕ್ಕಿತು. ಪುಟ ತೆರೆದೆ. ಯಾರೋ ಹವಾಮಾನ ಪರೀಕ್ಷೆ, ಇಬ್ಬರು ಎಂದು ಬರೆದಿದ್ದಾರೆ. ಮುಚ್ಚಿದೆ. ಊಟಕ್ಕೆ ಹೋದೆ.

ಅಕ್ಟೋಬರ್ 21, ಮಂಗಳವಾರ

ಯಾರೋ ಎಂದರೆ ಯಾರು? ನಾನೇ. ಮ ಅಕ್ಷರದ ಬಾಲವನ್ನು ಹಾಗೆ ಉದ್ದ ಎಳೆಯುವ ದುರಭ್ಯಾಸ ಇಡೀ ಸ್ಕ್ವಾಡ್ರನ್ನಿನಲ್ಲಿ ನನ್ನೊಬ್ಬನಿಗೇ ಇತ್ತು.

ಗುಟ್ಟು ಬರೆಯುವುದಿಲ್ಲ ಎಂದು ಮೊದಲ ದಿನವೇ ಅಂದುಕೊಂಡಿದ್ದೆ. ಆದರೆ ಒಂದು ವಾರದಿಂದ ಊಟ ಸೇರುತ್ತಿಲ್ಲ. ಈ ನೋಟ್‌ಬುಕ್ ಓದುವವರಾದರೂ ಯಾರು?

ನಮ್ಮಲ್ಲಿ ಎರಡು ಸುಳ್ಳುಗಳಿದ್ದವು. ನಿಜವಾದ ಕೆಲಸಕ್ಕೆ ಇಬ್ಬರು ಪೈಲಟ್‌ಗಳಷ್ಟೇ ಹೋದರೆ ಹವಾಮಾನ ಪರೀಕ್ಷೆ ಎಂದು ಬರೆಯುವುದು. ಬಾಗಿಲಿನವರೂ ಸೇರಿ ಮೂವರಾದರೆ ಹಗ್ಗದ ಅಭ್ಯಾಸ ಎಂದು ಬರೆಯುವುದು. ಹೆಲಿಕಾಪ್ಟರ್ ಏಳುವ ಮೊದಲೇ ರಿಜಿಸ್ಟರ್ ತುಂಬಿಸಬೇಕು. ಅದು ನನ್ನ ಕೆಲಸ. ಆಗ ನನಗೆ ಇಪ್ಪತ್ತನಾಲ್ಕು.

ಅವತ್ತು ಆಗಿನ ಕಮಾಂಡರ್ ಸಾಹೇಬರು ಫೋನಿನಲ್ಲಿ "ಹವಾಮಾನ ಬರಿ" ಎಂದರು. ಬರೆದೆ. ಅದರ ಮುಂದೆ ಇಬ್ಬರು ಎಂದು ಕೈ ತಾನಾಗಿಯೇ ಬರೆಯಿತು, ಯಾವತ್ತೂ ಹಾಗೇ ಬರೆದ ಕೈ. ತಲೆಯೆತ್ತಿ ಕಿಟಕಿಯಲ್ಲಿ ನೋಡಿದಾಗ ಮೂವರು ನಡೆದು ಹೋಗುತ್ತಿದ್ದರು. ಕೊನೆಯವರು ಭಾವ. ಕಿವಿಯಲ್ಲಿ ಹತ್ತಿ. ಬಂದ ಮೇಲೆ ತಿದ್ದಿದರಾಯಿತು ಅಂದುಕೊಂಡೆ.

ಬರಲಿಲ್ಲ.

ಆಮೇಲೆ ವಿಚಾರಣೆಗೆ ಹೊರಗಿನವರು ಬಂದರು. "ಅನುಮತಿ ಇದ್ದದ್ದು ಇಬ್ಬರಿಗೇನಾ?" ಎಂದು ಕೇಳಿದರು. ಇಲ್ಲ ಎಂದರೆ ಮೂರನೆಯವರು ಯಾಕೆ ಎನ್ನುತ್ತಾರೆ, ಆ ಯಾಕೆಗೆ ಉತ್ತರ ಹೇಳಬಾರದೆಂದು ನಾನು ಪ್ರಮಾಣ ಮಾಡಿದ್ದೇನೆ. "ಹೌದು ಸರ್," ಎಂದೆ. ಎರಡೇ ಮಾತು. ಅಲ್ಲಿಗೆ ಭಾವ ಗಾಳಿ ಸವಾರಿಗೆ ಹೋದವರಾದರು.

ಅಕ್ಕನನ್ನು ನನ್ನ ಮನೆಗೆ ಕರೆತಂದೆ. ನಾನು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಪುರಸೊತ್ತಾಗಲಿಲ್ಲ ಎನ್ನುತ್ತೇನೆ.

ಅಕ್ಟೋಬರ್ 27, ಸೋಮವಾರ

ಮೇಡಂ ಕೋಣೆಗೆ ಹೋಗಿ, ರಿಜಿಸ್ಟರ್ ತೆರೆದಿಟ್ಟು, "ಇಲ್ಲಿ ತಪ್ಪಾಗಿದೆ. ಇಬ್ಬರಲ್ಲ, ಮೂವರು," ಎಂದೆ.

ಅವರು ಪುಟವನ್ನು ತಮ್ಮತ್ತ ತಿರುಗಿಸಿ ಓದಿದರು. "ಇದು ನಿಮ್ಮ ಅಕ್ಷರ."

"ಹೌದು."

"ಆ ಮೂರನೆಯವರು?"

"ನಮ್ಮ ಭಾವ."

ಮೇಡಂ ಎದ್ದು ಬಾಗಿಲು ಹಾಕಿ ಬಂದರು. ಒಳ್ಳೆಯ ಹೆಂಗಸು, ನನ್ನ ಮುಖವನ್ನು ನೋಡದೆಯೇ ಮಾತಾಡಿದರು. "ಅದು ಎಂಥ ಹಾರಾಟ ಅಂತ ನಾನು ಕೇಳಲ್ಲ, ನೀವು ಹೇಳಬೇಡಿ. ಗುಮಾಸ್ತರು ಸಂಖ್ಯೆ ತಪ್ಪು ಬರೆದರೆ ತಿದ್ದೋದಕ್ಕೆ ನಿಯಮ ಇದೆ. ಬರೆದವರೇ ಹೇಳಿಕೆ ಕೊಡಬೇಕು, ಆಗಿನ ಕಮಾಂಡರ್ ಸಹಿ ಮಾಡಬೇಕು. ಸಾಹೇಬರು ಇದ್ದಾರಾ?"

ಇದ್ದಾರೆ. ಎಂಬತ್ತನಾಲ್ಕು. ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ.

ಇಷ್ಟು ಸುಲಭವೇ? ಮೂವತ್ತೊಂಬತ್ತು ವರ್ಷ ಒಂದು ಸಹಿಯಷ್ಟು ದೂರದಲ್ಲಿದ್ದೆನೇ? ಮನೆಗೆ ಬರುವಾಗ ಬಸ್ಸಿನಲ್ಲಿ ಸುಮ್ಮಸುಮ್ಮನೆ ನಗು ಬಂತು. ಪಕ್ಕದವನು ಸರಿದು ಕೂತ.

ನವೆಂಬರ್ 3, ಸೋಮವಾರ

ಹೇಳಿಕೆ ಬರೆದೆ. ಹನ್ನೊಂದು ಸಲ ಹರಿದು, ಕೊನೆಗೆ ಎರಡು ಸಾಲಿನಲ್ಲಿ ಮುಗಿಸಿದೆ.

ಬಾಯಿ ಸುಮ್ಮನಿರಲಾರದೆ ಅಕ್ಕನಿಗೆ "ಒಂದು ದಾರಿ ಸಿಕ್ಕಿದೆ" ಎಂದುಬಿಟ್ಟೆ. ಅವಳು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಪೆಟ್ಟಿಗೆ ತೆರೆಯುವ ಸದ್ದಾಯಿತು. ಭಾವನ ಫೋಟೋ ತಂದಳು. ಮೂವತ್ತೊಂಬತ್ತು ವರ್ಷ ಅದನ್ನು ಗೋಡೆಗೆ ಹಾಕಿದವಳಲ್ಲ.

"ಪುಸ್ತಕದಲ್ಲಿ ಫೋಟೋನೂ ಹಾಕ್ತಾರಂತಾ?"

"ಕೇಳ್ತೀನಿ."

"ಇದರಲ್ಲಿ ಕೂದಲು ಕೆದರಿದೆ. ಪರವಾಗಿಲ್ಲ, ಅವರು ಇದ್ದದ್ದೇ ಹಾಗೆ," ಎಂದು ಸೆರಗಿನಿಂದ ಗಾಜು ಒರೆಸಿದಳು. ಅವಳ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಹೇಳಬಾರದಿತ್ತು, ಸಹಿ ಆಗುವ ತನಕ ತಡೆಯಬೇಕಿತ್ತು.

ನವೆಂಬರ್ 6, ಗುರುವಾರ

ಸಾಹೇಬರು ಅಂಗಳದಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದರು. ಬೆನ್ನು ಬಾಗಿಲ್ಲ. ನನ್ನನ್ನು ನೋಡಿದ ಕೂಡಲೇ "ಪೆನ್ನಪ್ಪ, ಇನ್ನೂ ಬದುಕಿದ್ದೀಯಾ?" ಎಂದರು. ಆಮೇಲೆ "ನಿಮ್ಮಕ್ಕ ಹೇಗಿದ್ದಾರೆ?"

ಹೇಳಿಕೆಯನ್ನು ಕೈಗೆ ಕೊಟ್ಟೆ. ಕನ್ನಡಕವಿಲ್ಲದೆಯೇ ಓದಿದರು. ವಾಪಸು ಕೊಟ್ಟರು.

"ಆಗಲ್ಲಪ್ಪ."

"ಇಬ್ಬರು ಅನ್ನೋದು ಮೂವರಾದರೆ ಸಾಕು ಸರ್. ಬೇರೇನೂ ಬೇಡ."

"ಮೂರನೆಯವನು ಯಾಕೆ ಅಂತಾರೆ. ಬಾಗಿಲಿನವನು, ಹಗ್ಗ ಇಳಿಸೋಕೆ ಅಂತೀಯ. ಗಡಿ ಬೆಟ್ಟದ ಆ ಕಡೆ ಹಗ್ಗ ಯಾರಿಗೆ ಇಳಿಸೋಕೆ ಅಂತಾರೆ. ಆಗ?"

ಹಾಗಿದ್ದರೆ ಹಗ್ಗದ ಅಭ್ಯಾಸ ಎಂದೇ ತಿದ್ದೋಣ ಎಂದೆ. ಅವರು ತಲೆಯಾಡಿಸಿದರು. "ಹಗ್ಗದ ಅಭ್ಯಾಸ ನಮ್ಮ ಮೈದಾನದ ಮೇಲೆ ಮಾತ್ರ. ಅದು ಬಿದ್ದದ್ದು ಎಲ್ಲಿ? ದೂರ ಹೋದ್ರೆ ಇಬ್ಬರು. ಮೂವರಾದ್ರೆ ಇಲ್ಲೇ. ಮೂವರು ದೂರ ಹೋದ್ರು ಅನ್ನೋ ಸುಳ್ಳು ನಮ್ಮ ಹತ್ರ ಇರಲಿಲ್ಲ. ನೀನು ಮೂವರು ಅಂತ ಬರೆದಿದ್ರೂ ನಾನೇ ಹರಿದು ಹಾಕಿಸ್ತಿದ್ದೆ. ನಿನ್ನ ತಪ್ಪಲ್ಲ, ಸುಮ್ಮನಿರು."

ಸುಮ್ಮನಿರು. ಎಷ್ಟು ಸಲೀಸಾಗಿ ಹೇಳಿದರು.

"ಬೆಟ್ಟದಾಚೆ ಯಾರಿದ್ರು ಸರ್?"

"ನಾಲ್ಕು ಜನ ಕಾಯ್ತಿದ್ರು. ಎಂಟು ದಿನ ನಡೆದು ಬಂದ್ರು ಆಮೇಲೆ. ಇಬ್ಬರು ಈಗಲೂ ಇದ್ದಾರೆ. ಅವರು ಎಲ್ಲಿಗೂ ಹೋಗಿರಲಿಲ್ಲ ಅಂತ ಅವರ ಕಾಗದಾನೂ ಹೇಳುತ್ತೆ." ನೀರಿನ ಚೆಂಬನ್ನು ಕೆಳಗಿಟ್ಟರು. "ನಿಮ್ಮ ಭಾವ ಒಪ್ಪಿರಲಿಲ್ಲ, ಗೊತ್ತಾ? ಕಿವಿ ನೋವು ಅಂದ. ಬೇರೆ ಬಾಗಿಲಿನವರು ಯಾರೂ ಇಲ್ಲ ಅಂದೆ. ಹೆಂಡತಿಗೆ ಮಾತು ಕೊಟ್ಟಿದ್ದೀನಿ ಅಂದ. ನೀನು ಬಂದ ಮೇಲೆ ನಾನೇ ಮನೆಗೆ ಬಂದು ಅವರ ಹತ್ರ ಕ್ಷಮೆ ಕೇಳ್ತೀನಿ ಅಂದೆ. ಆಮೇಲೆ ಹತ್ತಿದ."

"ಬಂದು ಕೇಳಲಿಲ್ಲ ನೀವು."

"ಕೇಳೋಕೆ ಬಂದಿದ್ರೆ ಯಾಕೆ ಅಂತ ಹೇಳಬೇಕಾಗ್ತಿತ್ತು."

ನನಗೆ ಸಿಟ್ಟು ಬಂತು. ಎಂಬತ್ತನಾಲ್ಕು ವರ್ಷದವರ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ಇದೇ ಮಾತನ್ನು ನಾನು ನಮ್ಮ ಮನೆಯಲ್ಲೇ ಕೂತು ಅಷ್ಟು ವರ್ಷ ಹೇಳಿಕೊಂಡಿದ್ದೇನಲ್ಲ. ಅವರಾದರೂ ಒಂದೂವರೆ ಗಂಟೆ ದೂರದಲ್ಲಿದ್ದರು.

ಗೇಟಿನ ತನಕ ಬಂದು ಬೀಳ್ಕೊಟ್ಟರು. ಬಸ್ಸು ಸಿಗಲಿಲ್ಲ. ಎರಡು ನಿಲ್ದಾಣ ನಡೆದೆ.

ನವೆಂಬರ್ 12, ಬುಧವಾರ

ಮೇಡಂ ಇನ್ನೊಂದು ಪ್ರಯತ್ನ ಮಾಡಿದರು. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ, 'ಸ್ಕ್ವಾಡ್ರನ್ನಿನ ಸೇವೆಯಲ್ಲಿ ಜೀವ ಕಳೆದುಕೊಂಡ ಇತರರನ್ನೂ ಸ್ಮರಿಸುತ್ತೇವೆ' ಎಂದು ಸೇರಿಸಿ ಮೇಲಿನ ಕಚೇರಿಗೆ ಕಳಿಸಿದರು. ಹೆಸರಿಲ್ಲದಿದ್ದರೂ ಇತರರು ಎಂಬ ಮಾತಿನಲ್ಲಿ ಭಾವ ಇರುತ್ತಾರೆ ಎಂದು ನಾನೂ ಒಪ್ಪಿಕೊಂಡಿದ್ದೆ. ನೋಡಿ, ಎಲ್ಲಿಂದ ಎಲ್ಲಿಗೆ ಇಳಿದೆ.

ಇವತ್ತು ವಾಪಸು ಬಂತು. ಆ ಸಾಲಿನ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ 'ಇತರರು ಯಾರು?' ಎಂಬ ಪ್ರಶ್ನೆ.

"ನನ್ನ ಕೈಲಿ ಇಷ್ಟೇ ಪೆನ್ನಪ್ಪನವರೇ," ಎಂದರು ಮೇಡಂ.

"ಗೊತ್ತು ಮೇಡಂ."

ನವೆಂಬರ್ 13, ಗುರುವಾರ

ಅಕ್ಕ ಫೋಟೋ ಎಲ್ಲಿ ತನಕ ಬಂತು ಎಂದು ಕೇಳಿದಳು. ಪ್ರೆಸ್ಸಿನಲ್ಲಿದೆ ಎಂದೆ. ಅವಳು ಕೊಟ್ಟ ದಿನದಿಂದ ಅದು ನನ್ನ ಚೀಲದಲ್ಲೇ ಇತ್ತು.

ನವೆಂಬರ್ 20, ಗುರುವಾರ

ಕರಡು ತಿದ್ದಿ ಕೊಟ್ಟೆ. ಮೊದಲ ಪುಟದಲ್ಲಿ ಹದಿನಾಲ್ಕು ಹೆಸರು. ಕಾಗುಣಿತ ಎರಡು ಕಡೆ ತಪ್ಪಿತ್ತು, ಸರಿಮಾಡಿದೆ. ನಾನು ಮಾಡಲು ಸಾಧ್ಯವಾದದ್ದು ಅಷ್ಟೇ, ಸತ್ತವರ ದೀರ್ಘ ಹ್ರಸ್ವ ಸರಿಮಾಡುವುದು.

ಮನೆಗೆ ಬಂದಾಗ ಅಕ್ಕ ಕಾಳು ಆರಿಸುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಬಿಟ್ಟರೆ ಹೇಳುವುದಿಲ್ಲವೆಂದು ಗೊತ್ತಿತ್ತು.

"ಹೆಸರು ಬರಲಿಲ್ಲ ಅಕ್ಕಾ. ಬರಲ್ಲ."

"ಯಾಕಂತೆ?"

ಎಲ್ಲವನ್ನೂ ಹೇಳಿದೆ. ಪ್ರಮಾಣ ಮಾಡಿದ್ದೆನಲ್ಲ, ಅದನ್ನು ಬಾಗಿಲ ಹೊರಗೇ ಬಿಟ್ಟೆ. ಅದು ಹವಾಮಾನ ಪರೀಕ್ಷೆಯಲ್ಲ ಎಂದೆ. ಬೆಟ್ಟದಾಚೆ ನಾಲ್ಕು ಜನ ಇದ್ದರು ಎಂದೆ. ಭಾವ ಆಗುವುದಿಲ್ಲ ಅಂದದ್ದು, ನಿನಗೆ ಕೊಟ್ಟ ಮಾತು ಹೇಳಿದ್ದು, ಸಾಹೇಬರು ಕ್ಷಮೆ ಕೇಳುತ್ತೇನೆ ಅಂದದ್ದು. ಅವರಾಗಿ ಹತ್ತಲಿಲ್ಲ ಅಕ್ಕಾ, ಹತ್ತಿಸಿದರು.

ಅವಳು ಮೊರ ಕೆಳಗಿಟ್ಟಳು. "ನೀನು ನೋಡಿದ್ಯಾ? ಹೋಗುವಾಗ ಹೇಗಿದ್ರು?"

"ಕಿಟಕಿಯಲ್ಲಿ ನೋಡಿದೆ. ಕಿವಿಯಲ್ಲಿ ಹತ್ತಿ ಇತ್ತು."

"ನಾನೇ ಇಟ್ಟದ್ದು," ಎಂದಳು. ಆಮೇಲೆ ಅಳು ಬಂತು. ಅವಳು ಅತ್ತದ್ದನ್ನು ನಾನು ಸಣ್ಣವನಿದ್ದಾಗ ನೋಡಿದ್ದು. ಭಾವ ಸತ್ತಾಗ ಅತ್ತಿರಲಿಲ್ಲ, ಮಾತು ತಪ್ಪಿದವರಿಗೆ ಅಳುವುದಿಲ್ಲ ಎಂದು ಹಲ್ಲು ಕಚ್ಚಿದ್ದಳು. "ಇಷ್ಟು ವರ್ಷ ಅವರ ಮೇಲೆ ಮುನಿಸಿಕೊಂಡು ಕೂತಿದ್ದೆ ಕಣೋ. ಸತ್ತವರ ಮೇಲೆ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಇಬ್ಬರು ಎಂದು ಬರೆದವನು ಯಾರೆಂದು ಅವಳು ಕೇಳಿರಲಿಲ್ಲ. ಕೇಳದಿದ್ದುದಕ್ಕೇ ಹೇಳಿದೆ.

"ರಿಜಿಸ್ಟರ್‌ನಲ್ಲಿ ಬರೆದದ್ದು ನಾನು. ವಿಚಾರಣೆಯಲ್ಲಿ ಹೌದು ಅಂದವನೂ ನಾನೇ."

ಅಳು ನಿಂತಿತು. ನನ್ನನ್ನು ನೋಡಿದಳು, ಹೊಸಬರು ಮನೆಗೆ ಬಂದರೆ ನೋಡುತ್ತಾರಲ್ಲ ಹಾಗೆ. ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಊಟಕ್ಕೆ ಕರೆದಳು. ಬಡಿಸಿದಳು. ತಾನು ಕೂರಲಿಲ್ಲ.

ನವೆಂಬರ್ 23, ಭಾನುವಾರ

ಮಾತಿಲ್ಲ. ಚಹಾ ಬರುತ್ತದೆ, ಊಟ ಬರುತ್ತದೆ, ಇಸ್ತ್ರಿಯಾದ ಅಂಗಿ ಬರುತ್ತದೆ. ಎರಡು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಭಾವನ ಫೋಟೋವನ್ನು ಅವಳ ಮೇಜಿನ ಮೇಲಿಟ್ಟು ಬಂದೆ. ಸಂಜೆ ನೋಡಿದರೆ ಗೋಡೆಯಲ್ಲಿದೆ. ಮೊಳೆ ತಾನೇ ಹೊಡೆದುಕೊಂಡಿದ್ದಾಳೆ. ಸ್ವಲ್ಪ ವಾಲಿದೆ. ಸರಿಮಾಡಲು ನನಗೆ ಧೈರ್ಯವಾಗಲಿಲ್ಲ.

ನವೆಂಬರ್ 28, ಶುಕ್ರವಾರ

ಸ್ಕ್ವಾಡ್ರನ್ ಮುಚ್ಚಿತು. ಧ್ವಜ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಮೇಡಂ ಭಾಷಣದಲ್ಲಿ ಕಲ್ಲಿನ ಮೇಲಿನ ಹದಿನಾಲ್ಕು ಹೆಸರು ಓದಿದರು. ಓದಿ ಮುಗಿದ ಮೇಲೆ ಒಂದು ಕ್ಷಣ ಸುಮ್ಮನೆ ನಿಂತರು. ನನಗಾಗಿ ನಿಂತರೋ, ಗಂಟಲು ಒಣಗಿತೋ, ತಿಳಿಯದು. ಸಾಹೇಬರು ಮೊದಲ ಸಾಲಿನಲ್ಲಿದ್ದರು. ಅಕ್ಕ ಬರಲಿಲ್ಲ. ಅವಳು ಬಂದಿದ್ದರೆ ಅವರು ಎದ್ದು ಬಂದು ಮಾತಾಡಿಸುತ್ತಿದ್ದರೇ? ಇಲ್ಲ ಅಂದುಕೊಳ್ಳುತ್ತೇನೆ.

ರಿಜಿಸ್ಟರುಗಳು ಲಾರಿಯಲ್ಲಿ ಹೋದವು. ನಾನೇ ಎಣಿಸಿ ಕೊಟ್ಟೆ. ನಲವತ್ತೊಂದು.

ಡಿಸೆಂಬರ್ 5, ಶುಕ್ರವಾರ

ಅಂಚೆಯಲ್ಲಿ ಪುಸ್ತಕ ಬಂತು. ಗಟ್ಟಿ ರಟ್ಟು, ಮೇಲೆ ಬಾವಲಿ. ಬರೆದವರ ಹೆಸರು ಎಲ್ಲೂ ಇಲ್ಲ, ಅದು ಸರಿಯಾದದ್ದೇ.

ಅಕ್ಕ ಕೈಯೊರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಹದಿನೈದು ದಿನದ ಮೇಲೆ ಅಷ್ಟು ಹತ್ತಿರ ಕೂತದ್ದು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟ ತೆರೆದಳು. ಬೆರಳಿಟ್ಟು ಒಂದೊಂದೇ ಹೆಸರು ಓದಿದಳು, ಗೊತ್ತಿದ್ದೂ. ಆ ಇಬ್ಬರು ಪೈಲಟ್‌ಗಳ ಹೆಸರಿನ ಹತ್ತಿರ ಬೆರಳು ನಿಂತಿತು. ಅವರ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಇದೆ. ಪ್ರೆಸ್ಸಿನವರು ಯಾಕೆ ಬಿಟ್ಟರೋ ಗೊತ್ತಿಲ್ಲ.

ನನಗೆ ಆ ಜಾಗ ಕಂಡ ಕೂಡಲೇ ಜೀವ ಬಂದಂತಾಯಿತು. ಅವಳ ಪ್ರತಿಯಲ್ಲಾದರೂ ಇರಲಿ, ಒಂದೇ ಒಂದು ಪ್ರತಿಯಲ್ಲಿ. ಜೇಬಿನಿಂದ ಪೆನ್ನು ತೆಗೆದು, "ತಾ ಅಕ್ಕಾ, ಇಲ್ಲಿ ಭಾವನ ಹೆಸರು ನಾನು ಬರೆದುಕೊಡ್ತೀನಿ," ಎಂದು ಕೈ ಚಾಚಿದೆ.

ಅಕ್ಕ ಪುಸ್ತಕ ಮುಚ್ಚಿದಳು. ಸಿಟ್ಟಿರಲಿಲ್ಲ ದನಿಯಲ್ಲಿ.

"ಬೇಡ ಬಿಡು. ನೀನು ಬರೆದದ್ದು ಸಾಕು," ಎಂದಳು. ಎದ್ದು, ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು.